ಒಂದೇ ಯಂತ್ರ, ಮೂರು ಡೇಟಾಬೇಸ್: ಬ್ಯಾಡಗಿಯ ಶೈತ್ಯಾಗಾರಕ್ಕಾಗಿ ಮಾಡಿ ನೋಡಿದ ಹೋಲಿಕೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಏರಿದ ದಿನಗಳಲ್ಲಿ ಶೈತ್ಯಾಗಾರದ ಗೇಟಿನ ಮುಂದೆ ನಿಂತು ನೋಡಿದವರಿಗೆ ಮಾತ್ರ, ಅಲ್ಲಿನ ಸರ್ವರ್ ಹತ್ತು ನಿಮಿಷ ನಿಂತರೆ ಏನಾಗುತ್ತದೆ ಎಂಬುದು ಅರ್ಥವಾಗುತ್ತದೆ. ಮೆಣಸಿನಕಾಯಿಯ ಬಗೆ ಡಬ್ಬಿಯೋ ಕಡ್ಡಿಯೋ, ಯಾವ ಅಡತಿ ಅಂಗಡಿಯ ಮಾಲು, ಎಷ್ಟು ಚೀಲ, ಎಷ್ಟು ತೂಕ ಎಂಬುದು ದಾಖಲಾಗಿ ರಸೀದಿ ಮುದ್ರಣವಾಗದ ಹೊರತು ಒಂದು ಚೀಲವೂ ಒಳಗೆ ಹೋಗುವಂತಿಲ್ಲ. ಹಮಾಲರು ಬಿಸಿಲಿನಲ್ಲಿ ಕಾಯುತ್ತಾರೆ, ಹಿಂದೆ ಲಾರಿಗಳ ಸಾಲು ಬೆಳೆಯುತ್ತದೆ. ಅಂಥ ಒಂದು ಶೈತ್ಯಾಗಾರದ ಕಂಪ್ಯೂಟರ್ ವ್ಯವಸ್ಥೆಯನ್ನು ನಾನು ಹುಬ್ಬಳ್ಳಿಯಿಂದ ನೋಡಿಕೊಳ್ಳುತ್ತೇನೆ. ಅವರ ಹಳೆಯ ವಿಂಡೋಸ್ ಯಂತ್ರದಲ್ಲಿದ್ದುದು ಮೈಎಸ್‌ಕ್ಯುಎಲ್ 5.7 ಎಂಬ ಡೇಟಾಬೇಸ್, ಅಂದರೆ ದಾಖಲೆಗಳನ್ನು ಇಟ್ಟು ಬೇಕಾದಾಗ ಹುಡುಕಿಕೊಡುವ ತಂತ್ರಾಂಶ. ಆ ಆವೃತ್ತಿಗೆ 2023ರ ಅಕ್ಟೋಬರ್‌ನಲ್ಲೇ ಬೆಂಬಲ ಮುಗಿದಿದ್ದರಿಂದ ಹೊಸದೊಂದನ್ನು ಆರಿಸಲೇಬೇಕಾಗಿತ್ತು. ಅವರ ಪ್ರೋಗ್ರಾಮನ್ನು ಯಾವ ಡೇಟಾಬೇಸಿಗೆ ಬೇಕಾದರೂ ಜೋಡಿಸಬಹುದಾದ್ದರಿಂದ ಆಯ್ಕೆ ಮುಕ್ತವಾಗಿತ್ತು.

ಅಂತರ್ಜಾಲದ ಹೋಲಿಕೆಗಳನ್ನು ಓದಿ ನಿರ್ಧರಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ನಾಲ್ಕು ಕೋರ್, 8 ಜಿಬಿ ರ್‍ಯಾಮ್, 512 ಜಿಬಿ ಎನ್‌ವಿಎಂಇ ಡಿಸ್ಕ್ ಇರುವ ಒಂದೇ ಯಂತ್ರವನ್ನು ನನ್ನ ಮೇಜಿನ ಮೇಲಿಟ್ಟು, ಎಸ್‌ಕ್ಯುಎಲ್ ಸರ್ವರ್ 2022ರ ಉಚಿತ ಆವೃತ್ತಿಯಾದ ಎಕ್ಸ್‌ಪ್ರೆಸ್, ಪೋಸ್ಟ್‌ಗ್ರೆಎಸ್‌ಕ್ಯುಎಲ್ 16 ಮತ್ತು ಮೈಎಸ್‌ಕ್ಯುಎಲ್ 8.4 ಈ ಮೂರನ್ನೂ ಒಂದಾದ ಮೇಲೊಂದರಂತೆ ಹಾಕಿ, ಶೈತ್ಯಾಗಾರದ ನಿಜವಾದ ದತ್ತಾಂಶದ ಪ್ರತಿಯನ್ನೇ ತುಂಬಿ, ಬೇಕೆಂದೇ ಕೆಡಿಸಿ ನೋಡಿದೆ. ವೇಗದ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡಲಿಲ್ಲ. ಅಷ್ಟು ಕೆಲಸವನ್ನು ಮೂರೂ ಸುಲಭವಾಗಿ ಮಾಡುತ್ತವೆ. ಏನಾದರೂ ಕೆಟ್ಟಾಗ ಇದು ನಮಗೆ ನಿಜವಾದ ಕಾರಣವನ್ನು ಹೇಳುತ್ತದೆಯೇ, ಹೇಳಿದರೆ ಎಲ್ಲಿ ಹೇಳುತ್ತದೆ ಎಂಬುದನ್ನು ತಿಳಿಯುವುದೇ ನನ್ನ ಉದ್ದೇಶವಾಗಿತ್ತು.

ಮೊದಲು ಕಾಗದದ ಮೇಲಿನ ಅಗತ್ಯಗಳು. ಎಸ್‌ಕ್ಯುಎಲ್ ಸರ್ವರ್ 2022 ಇದನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟಿದೆ: 64 ಬಿಟ್‌ನ 1.4 ಗಿಗಾಹರ್ಟ್ಸ್ ಪ್ರೊಸೆಸರ್, 6 ಜಿಬಿ ಡಿಸ್ಕ್, ಎಕ್ಸ್‌ಪ್ರೆಸ್‌ಗೆ ಕನಿಷ್ಠ 512 ಎಂಬಿ ರ್‍ಯಾಮ್, ಉಳಿದ ಆವೃತ್ತಿಗಳಿಗೆ ಕನಿಷ್ಠ 1 ಜಿಬಿ. ಲಿನಕ್ಸ್ ಮೇಲಾದರೆ 2 ಜಿಬಿ ರ್‍ಯಾಮ್ ಕಡ್ಡಾಯ. ಪರೀಕ್ಷೆಗೆಂದು 1 ಜಿಬಿಯ ವರ್ಚುವಲ್ ಮಷೀನಿನಲ್ಲಿ ಹಾಕಿದಾಗ, ಕನಿಷ್ಠ 2000 ಮೆಗಾಬೈಟ್ ಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಿ ಅದು ನಿಂತಿತು, ಮತ್ತು ಆ ನೇರ ಉತ್ತರ ನನಗೆ ಇಷ್ಟವಾಯಿತು. ಪೋಸ್ಟ್‌ಗ್ರೆಯ ಕೈಪಿಡಿ ಇಂಥ ಕಡ್ಡಾಯದ ಅಂಕಿಗಿಂತ ಹೆಚ್ಚಾಗಿ ಹೊಂದಿಸುವ ಬಗೆಯನ್ನು ಹೇಳುತ್ತದೆ: ಶೇರ್ಡ್ ಬಫರ್ಸ್ (ದತ್ತಾಂಶವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಲು ರ್‍ಯಾಮ್‌ನಲ್ಲಿ ಕಾದಿರಿಸುವ ಜಾಗ) ಮೊದಲಿಗೆ 128 ಎಂಬಿ ಇರುತ್ತದೆ, ಡೇಟಾಬೇಸಿಗೆಂದೇ ಮೀಸಲಾದ ಯಂತ್ರದಲ್ಲಿ ಒಟ್ಟು ರ್‍ಯಾಮ್‌ನ ಶೇ. 25ರಿಂದ ಆರಂಭಿಸಿ ನೋಡಿ ಎಂಬುದು ಅದರ ಸಲಹೆ. ಮೈಎಸ್‌ಕ್ಯುಎಲ್‌ನ ಇಂಥದೇ ಜಾಗವಾದ ಇನ್ನೋಡಿಬಿ ಬಫರ್ ಪೂಲ್ ಕೂಡ 128 ಎಂಬಿಯಿಂದಲೇ ಶುರುವಾಗುತ್ತದೆ, ಆದರೆ ಮೀಸಲು ಯಂತ್ರದಲ್ಲಿ ಅದನ್ನು ಶೇ. 80ರವರೆಗೂ ಏರಿಸಬಹುದು ಎನ್ನುತ್ತಾರೆ. ಈ ಅಂಕಿಗಳನ್ನು ನೋಡಿದರೆ ನನ್ನ ಯಂತ್ರ ಮೂರಕ್ಕೂ ಧಾರಾಳವಾಗಿ ಸಾಕಾಗಬೇಕಿತ್ತು.

ಆದರೆ ಎಸ್‌ಕ್ಯುಎಲ್ ಸರ್ವರ್ ಇನ್‌ಸ್ಟಾಲ್ ಆಗಲೇ ಇಲ್ಲ. ವಿಂಡೋಸ್ 11ರಲ್ಲಿ ಪಟ್ಟಿಯ ಎಲ್ಲ ತಪಾಸಣೆಗಳೂ ಹಸಿರು ಗುರುತು ತೋರಿಸಿ, ಕೊನೆಯ ಹಂತದಲ್ಲಿ, ಡೇಟಾಬೇಸ್ ಎಂಜಿನ್‌ನ ರಿಕವರಿ ಹ್ಯಾಂಡಲ್‌ಗಾಗಿ ಕಾದದ್ದು ವಿಫಲವಾಯಿತು ಎಂಬ ಸಂದೇಶ ಬಂತು. ಆ ವಾಕ್ಯವನ್ನು ಎಷ್ಟು ಸಲ ಓದಿದರೂ ಅದರಲ್ಲಿ ಕಾರಣ ಸಿಗುವುದಿಲ್ಲ. ಅದು ಸೇವೆ ಏಳಲಿಲ್ಲ ಎಂದು ಹೇಳುತ್ತದೆಯೇ ಹೊರತು ಏಕೆ ಏಳಲಿಲ್ಲ ಎಂದು ಹೇಳುವುದಿಲ್ಲ. ಎರಡು ಬಾರಿ ಅಳಿಸಿ ಮತ್ತೆ ಹಾಕಿದೆ, ಬಳಕೆದಾರರ ಹಕ್ಕುಗಳನ್ನು ಬದಲಿಸಿದೆ, ಆಂಟಿವೈರಸ್ ನಿಲ್ಲಿಸಿದೆ. ಸೆಟಪ್‌ನ ಸಮ್ಮರಿ ಕಡತದಲ್ಲಿಯೂ ಅದೇ ಮಾತು ಇತ್ತು. ಕೊನೆಗೆ, ಇನ್‌ಸ್ಟಾಲ್ ಅರ್ಧಕ್ಕೆ ನಿಂತರೂ ಎಂಜಿನ್ ತನ್ನ ಲಾಗ್ ಫೋಲ್ಡರಿನಲ್ಲಿ ಬರೆದುಹೋಗುವ ಎರರ್‌ಲಾಗ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಸುಳಿವು ಸಿಕ್ಕಿತು: ಮಾಸ್ಟರ್ ಡೇಟಾಬೇಸಿನ ಕಡತದ ಮೇಲೆ 256 ಬರವಣಿಗೆಗಳು ಸೆಕ್ಟರಿನ (ಡಿಸ್ಕ್ ಒಮ್ಮೆಗೆ ಬರೆಯುವ ತುಣುಕಿನ) ಗಡಿಗೆ ಸರಿಹೊಂದಲಿಲ್ಲ ಎಂದು ಅಲ್ಲಿ ಬರೆದಿತ್ತು.

ವಿಷಯ ಡಿಸ್ಕಿನದಾಗಿತ್ತು. ಎಸ್‌ಕ್ಯುಎಲ್ ಸರ್ವರ್ 512 ಮತ್ತು 4096 ಬೈಟ್‌ಗಳ ಸೆಕ್ಟರನ್ನು ಮಾತ್ರ ಒಪ್ಪುತ್ತದೆ. ಕೆಲವು ಎನ್‌ವಿಎಂಇ ಡಿಸ್ಕ್‌ಗಳು ಅದಕ್ಕಿಂತ ದೊಡ್ಡ ಭೌತಿಕ ಸೆಕ್ಟರನ್ನು ಹೇಳಿಕೊಳ್ಳುತ್ತವೆ; ವಿಂಡೋಸ್ 10 ಅದನ್ನು 4096 ಎಂದೇ ಮೇಲಕ್ಕೆ ತಿಳಿಸುತ್ತಿದ್ದರೆ ವಿಂಡೋಸ್ 11 ಡಿಸ್ಕ್ ಹೇಳಿದ್ದನ್ನು ಇದ್ದದ್ದು ಇದ್ದಂತೆಯೇ ದಾಟಿಸುತ್ತದೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ವಿಂಡೋದಲ್ಲಿ ‘ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೊ ಸೆಕ್ಟರ್‌ಇನ್ಫೊ’ ಎಂಬ ಆಜ್ಞೆಯನ್ನು ಸಿ ಡ್ರೈವ್‌ಗೆ ಕೊಟ್ಟಾಗ ಅಟಾಮಿಸಿಟಿ ಮತ್ತು ಪರ್ಫಾರ್ಮೆನ್ಸ್ ಎಂಬ ಎರಡು ಸಾಲುಗಳಲ್ಲಿ ಬರುವ ಅಂಕಿಗಳಲ್ಲಿ ದೊಡ್ಡದನ್ನು ನೋಡಬೇಕು. ನನ್ನ ಯಂತ್ರದಲ್ಲಿ ಅದು 16384 ಇತ್ತು. ರಿಜಿಸ್ಟ್ರಿಯಲ್ಲಿ ಸ್ಟೋರ್‌ಎನ್‌ವಿಎಂಇ ಡ್ರೈವರಿನ ಪ್ಯಾರಾಮೀಟರ್ಸ್ ಕೆಳಗಿನ ಡಿವೈಸ್ ಭಾಗದಲ್ಲಿ, ಫೋರ್ಸ್ಡ್‌ಫಿಸಿಕಲ್‌ಸೆಕ್ಟರ್‌ಸೈಜ್‌ಇನ್‌ಬೈಟ್ಸ್ ಎಂಬ ಬಹುಸಾಲು ಮೌಲ್ಯವನ್ನು ಸೃಷ್ಟಿಸಿ, ಅದರಲ್ಲಿ ನಕ್ಷತ್ರ ಚಿಹ್ನೆ, ಒಂದು ಖಾಲಿ ಜಾಗ, 4095 ಎಂದು ಬರೆದು, ಯಂತ್ರವನ್ನು ಮರಳಿ ಶುರು ಮಾಡಿದ ಮೇಲೆ ಇನ್‌ಸ್ಟಾಲ್ ಮೊದಲ ಪ್ರಯತ್ನದಲ್ಲೇ ಮುಗಿಯಿತು. ಇದು ದಾಖಲಾಗಿರುವ ಪರಿಹಾರವೇ, ಗುಟ್ಟಿನದೇನಲ್ಲ. ಆದರೆ ಒಂದೂವರೆ ದಿನ ಹೋದದ್ದು ನಾನು ಪರದೆಯ ಮೇಲಿನ ಸಂದೇಶವನ್ನು ನಂಬಿ ಎರರ್‌ಲಾಗ್ ತೆರೆಯದೆ ಇದ್ದುದರಿಂದ. ಇದೇ ಡಿಸ್ಕಿನ ಮೇಲೆ ಪೋಸ್ಟ್‌ಗ್ರೆ ಮತ್ತು ಮೈಎಸ್‌ಕ್ಯುಎಲ್ ಯಾವ ತಕರಾರೂ ಇಲ್ಲದೆ ಕೂತವು.

ಎರಡನೆಯ ಪರೀಕ್ಷೆಗೆ ನಾನು ಆರಿಸಿಕೊಂಡದ್ದು ‘ಬ್ಯಾಡಗಿ’ ಎಂಬ ಒಂದು ಶಬ್ದ. ರೈತರ ಹೆಸರು, ಊರು ಎಲ್ಲವೂ ಕನ್ನಡದಲ್ಲೇ ರಸೀದಿಯ ಮೇಲೆ ಬರಬೇಕೆಂಬುದು ಶೈತ್ಯಾಗಾರದವರ ಬೇಡಿಕೆ, ಮತ್ತು ಅದು ನ್ಯಾಯವಾದ ಬೇಡಿಕೆ. ಈ ಶಬ್ದದಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 7 ಸಂಕೇತಗಳಿವೆ. ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ 21 ಬೈಟ್ ಬೇಕು.

ಎಸ್‌ಕ್ಯುಎಲ್ ಸರ್ವರಿನಲ್ಲಿ ಪಠ್ಯಕ್ಕೆಂದಿರುವ ಮಾಮೂಲಿ ವಾರ್‌ಚಾರ್ ಕಾಲಂ ಇಟ್ಟು ಈ ಶಬ್ದವನ್ನು ಸೇರಿಸಿದಾಗ ಎರರ್ ಬರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಓದಿದಾಗ ಏಳು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದವು, ಮೂಲ ಅಕ್ಷರಗಳು ಮರಳಿ ಸಿಗದಂತೆ ಹೋಗಿದ್ದವು. ಯೂನಿಕೋಡ್ ಪಠ್ಯಕ್ಕೆಂದಿರುವ ಎನ್‌ವಾರ್‌ಚಾರ್ ಕಾಲಂ ಬೇಕು, ಜೊತೆಗೆ ಉಲ್ಲೇಖ ಚಿಹ್ನೆಯ ಮುಂದೆ ಎನ್ ಎಂಬ ಅಕ್ಷರವನ್ನೂ ಹಾಕಬೇಕು. ಎರಡರಲ್ಲಿ ಒಂದನ್ನು ಮರೆತರೂ ಫಲ ಅದೇ. ಮೈಎಸ್‌ಕ್ಯುಎಲ್ 8.4ರಲ್ಲಿ ಹೊಸದಾಗಿ ಸೃಷ್ಟಿಸಿದ ಕೋಷ್ಟಕ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನಲ್ಲಿ ಯುಟಿಎಫ್-8ರ ಹೆಸರು) ಆಗಿರುವುದರಿಂದ ಶಬ್ದ ಸರಿಯಾಗಿ ಕೂತಿತು. ಆದರೆ 5.7ರ ಡಂಪ್ ಕಡತದಿಂದ (ಇಡೀ ಡೇಟಾಬೇಸನ್ನು ಹೊರತೆಗೆದ ಪ್ರತಿಯಿಂದ) ತಂದ ಕೆಲವು ಕೋಷ್ಟಕಗಳು ಕನ್ನಡ ಅಕ್ಷರಗಳಿಲ್ಲದ ಲ್ಯಾಟಿನ್1 ಎಂಬ ಹಳೆಯ ಗುರುತನ್ನು ತಮ್ಮ ಜೊತೆಗೇ ತಂದಿದ್ದವು. ಅವುಗಳಲ್ಲಿ 1366 ಸಂಖ್ಯೆಯ ಎರರ್ ಬಂದು ಸಾಲು ಸೇರಲಿಲ್ಲ, ಯಾವ ಕಾಲಂ ಎಂಬುದನ್ನೂ ಅದು ಹೇಳಿತು.

ಪೋಸ್ಟ್‌ಗ್ರೆಯಲ್ಲಿ ನಾನು ಬೇಕೆಂದೇ ಒಂದು ತಪ್ಪು ಮಾಡಿದೆ. ವಿಂಡೋಸ್‌ನಲ್ಲಿ ಜಿಪ್ ಕಡತದಿಂದ ಬಿಚ್ಚಿ, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ) ಹೇಳದೆ, ದತ್ತಾಂಶ ಫೋಲ್ಡರ್ ತಯಾರಿಸುವ ಇನಿಟ್‌ಡಿಬಿ ಓಡಿಸಿದರೆ ಅದು ಯಂತ್ರದ ಲೊಕೇಲ್, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್, ನೋಡಿ ವಿನ್1252 ಎಂಬುದನ್ನು ಆರಿಸಿಕೊಳ್ಳುತ್ತದೆ. ಆಗ ಬಂದ ಸಂದೇಶ ಮೂರರಲ್ಲೇ ಅತ್ಯಂತ ಸ್ಪಷ್ಟವಾದದ್ದು: ಇ0, ಬಿ2, ಎಸಿ ಎಂಬ ಬೈಟ್ ಸರಣಿಗೆ ವಿನ್1252ರಲ್ಲಿ ಸಮಾನವಾದ ಅಕ್ಷರವಿಲ್ಲ. ಆ ಮೂರು ಬೈಟ್‌ಗಳೇ ‘ಬ’ ಅಕ್ಷರ. ಎಲ್ಲಿ ಎಡವಿತು ಎಂಬುದನ್ನು ಅಕ್ಷರದ ಮಟ್ಟಕ್ಕೆ ಇಳಿದು ತೋರಿಸಿತ್ತು. ಲಿನಕ್ಸ್‌ನಲ್ಲಿ ಮಾತ್ರ ಇದಕ್ಕಿಂತ ಅಪಾಯದ ಸ್ಥಿತಿಯೊಂದಿದೆ. ಲೊಕೇಲ್ ‘ಸಿ’ ಎಂದಿರುವ ಯಂತ್ರದಲ್ಲಿ ಡೇಟಾಬೇಸ್ ಎಸ್‌ಕ್ಯುಎಲ್ ಆಸ್ಕಿ ಆಗಿಬಿಟ್ಟರೆ ಅದು ಏನನ್ನು ಕೊಟ್ಟರೂ ತುಟಿ ಬಿಚ್ಚದೆ ನುಂಗುತ್ತದೆ. ಶಬ್ದದ ಉದ್ದ ಕೇಳಿದರೆ 7ರ ಬದಲು 21 ಎನ್ನುತ್ತದೆ. ಎನ್‌ಕೋಡಿಂಗನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಟೆಂಪ್ಲೇಟ್0 ಎಂಬ ಖಾಲಿ ಮಾದರಿಯಿಂದ ಹೊಸ ಡೇಟಾಬೇಸ್ ಮಾಡಿ, ಡಂಪ್ ತೆಗೆದು ತುಂಬಬೇಕು. ಆದ್ದರಿಂದ ಯಾರೇ ಪೋಸ್ಟ್‌ಗ್ರೆ ಹಾಕಿದರೂ ಮೊದಲ ಕೆಲಸವಾಗಿ ಡೇಟಾಬೇಸ್ ಪಟ್ಟಿಯ ಎನ್‌ಕೋಡಿಂಗ್ ಕಾಲಂ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೈಎಸ್‌ಕ್ಯುಎಲ್ ಅನ್ನು ಲಿನಕ್ಸ್‌ನ ಒಂದು ರೂಪವಾದ ಉಬುಂಟು 22.04ಕ್ಕೆ ಸಾಗಿಸಿದಾಗ ಎರಡು ತೊಡಕುಗಳು ಎದುರಾದವು. ವಿಂಡೋಸ್‌ನಲ್ಲಿ ಕೋಷ್ಟಕದ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಒಂದೇ; ಲಿನಕ್ಸ್‌ನಲ್ಲಿ ಬೇರೆ ಬೇರೆ. ಕಣ್ಣೆದುರಿಗೇ ಇರುವ ಕೋಷ್ಟಕವನ್ನು ಅದು ಇಲ್ಲವೆಂದು 1146 ಎರರ್ ಕೊಟ್ಟಿತು. ಈ ನಡವಳಿಕೆಯನ್ನು ಬದಲಿಸುವ ಸೆಟ್ಟಿಂಗನ್ನು 8.0ರಿಂದೀಚೆಗೆ ಮೊದಲ ಬಾರಿ ದತ್ತಾಂಶ ಫೋಲ್ಡರ್ ತಯಾರಿಸುವಾಗಲೇ ಕೊಡಬೇಕು. ಆಮೇಲೆ ಕೊಟ್ಟರೆ ಸರ್ವರ್ ಏಳುವುದೇ ಇಲ್ಲ. ಇನ್ನೊಂದು, ದತ್ತಾಂಶ ಫೋಲ್ಡರನ್ನು ಬೇರೆ ಕಡೆಗೆ ಸರಿಸಿ, ಮಾಲೀಕತ್ವವನ್ನೂ ಸರಿಪಡಿಸಿದ ಮೇಲೂ ಬಂದ, ಅನುಮತಿ ಇಲ್ಲವೆನ್ನುವ 13ನೆಯ ಸಂಖ್ಯೆಯ ಎರರ್. ಇದಕ್ಕೆ ಕಾರಣ ಮೈಎಸ್‌ಕ್ಯುಎಲ್ ಅಲ್ಲ, ಯಾವ ಪ್ರೋಗ್ರಾಮ್ ಯಾವ ಫೋಲ್ಡರ್ ಮುಟ್ಟಬಹುದೆಂದು ಕಾಯುವ ಉಬುಂಟುವಿನ ಆಪ್‌ಆರ್ಮರ್. ಕರ್ನೆಲ್ ಲಾಗಿನಲ್ಲಿ ‘ಡಿನೈಡ್’ ಎಂಬ ಸಾಲನ್ನು ಹುಡುಕಿದರೆ ಮಾತ್ರ ಅದು ಕಾಣುತ್ತದೆ.

ತೂಕದ ಕಾಟಾದ ಪಕ್ಕದಲ್ಲಿರುವ ಹಳೆಯ ಕಂಪ್ಯೂಟರ್ ಮೂರಕ್ಕೂ ಸಮಸ್ಯೆಯಾಯಿತು. ಅದರ ಹಳೆಯ ಡ್ರೈವರಿಗೆ ಪೋಸ್ಟ್‌ಗ್ರೆಯ ಸ್ಕ್ರ್ಯಾಮ್ ಪಾಸ್‌ವರ್ಡ್ ವಿಧಾನ ತಿಳಿಯದೆ, 10ನೆಯ ದೃಢೀಕರಣ ವಿಧಾನಕ್ಕೆ ಬೆಂಬಲವಿಲ್ಲ ಎಂದಿತು. ಮೈಎಸ್‌ಕ್ಯುಎಲ್‌ಗೆ ಇಂಥದೇ ಕಾರಣದ 2059 ಎರರ್ ಬಂತು. ಎಸ್‌ಕ್ಯುಎಲ್ ಸರ್ವರಿಗೆ ಹೊಸ ಒಡಿಬಿಸಿ 18 ಡ್ರೈವರ್ ಹಾಕಿದರೆ, ಅದು ಸಂಪರ್ಕವನ್ನು ತಾನಾಗಿಯೇ ಗೂಢಲಿಪಿಗೊಳಿಸುವುದರಿಂದ, ಸರ್ವರಿನ ಪ್ರಮಾಣಪತ್ರ ನಂಬಲರ್ಹವಲ್ಲ ಎಂದು ತಿರುಗಿಸಿ ಕಳಿಸಿತು. ಮೂರು ಕಡೆಯೂ ಭದ್ರತೆಯನ್ನು ಕೆಳಗಿಳಿಸಿ ತಾತ್ಕಾಲಿಕವಾಗಿ ದಾರಿ ಮಾಡಿಕೊಳ್ಳಬಹುದು. ನಾನು ಹಾಗೆ ಮಾಡದೆ ಮೊದಲೆರಡಕ್ಕೆ ಹೊಸ ಡ್ರೈವರ್, ಮೂರನೆಯದಕ್ಕೆ ಪ್ರಮಾಣಪತ್ರ ಹಾಕಿದೆ.

ಲಾಗಿನ್ ಎರರ್‌ಗಳ ವಿಷಯದಲ್ಲಿ ಎಸ್‌ಕ್ಯುಎಲ್ ಸರ್ವರಿಗೆ ನ್ಯಾಯ ಸಲ್ಲಿಸಬೇಕು. ಹೊರಗಿನವರಿಗೆ ಅದು ಲಾಗಿನ್ ವಿಫಲ ಎಂಬ 18456 ಎರರನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಒಳಗಿನ ಎರರ್‌ಲಾಗಿನಲ್ಲಿ ಮಾತ್ರ ‘ಸ್ಟೇಟ್’ ಅಂಕಿಯನ್ನು ಬರೆದಿಡುತ್ತದೆ. 5 ಎಂದರೆ ಅಂಥ ಬಳಕೆದಾರನಿಲ್ಲ, 8 ಎಂದರೆ ಪಾಸ್‌ವರ್ಡ್ ತಪ್ಪು, 58 ಎಂದರೆ ಸರ್ವರ್ ವಿಂಡೋಸ್ ದೃಢೀಕರಣವನ್ನಷ್ಟೇ ಒಪ್ಪುವಂತಿದೆ. ಬಾಗಿಲಲ್ಲಿ ನಿಂತವನಿಗೆ ಕಡಿಮೆ, ಮನೆಯ ಯಜಮಾನನಿಗೆ ಪೂರ್ತಿ: ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮ.

ಡಿಸ್ಕ್ ತುಂಬುವ ಪರೀಕ್ಷೆಯಲ್ಲಿ ಎಕ್ಸ್‌ಪ್ರೆಸ್ ಬಹಳ ಬೇಗ ಗೋಡೆಗೆ ತಾಗಿತು. 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ, ಬಫರ್ ಪೂಲ್‌ಗೆ 1410 ಎಂಬಿ ಮಿತಿ. ಶೈತ್ಯಾಗಾರದವರು ರಸೀದಿಯ ಸ್ಕ್ಯಾನ್ ಪ್ರತಿಗಳನ್ನೂ ಡೇಟಾಬೇಸಿನೊಳಗೇ ಇಡುತ್ತಾರಾದ್ದರಿಂದ ದತ್ತಾಂಶ ತುಂಬುತ್ತಿರುವಾಗಲೇ ಮಿತಿ ಮೀರುತ್ತದೆ ಎನ್ನುವ 1827 ಎರರ್, ಅದರ ಬೆನ್ನಿಗೆ ಜಾಗ ಸಿಗಲಿಲ್ಲ ಎನ್ನುವ 1105 ಬಂದವು. ಸ್ಕ್ಯಾನ್‌ಗಳನ್ನು ಬೇರೆ ಕಡತಗಳಾಗಿ ಇಡುವ ಫೈಲ್‌ಸ್ಟ್ರೀಮ್‌ಗೆ ಹಾಕಿದರೆ ಅವು ಈ ಲೆಕ್ಕಕ್ಕೆ ಸೇರುವುದಿಲ್ಲ, 2025ರ ಎಕ್ಸ್‌ಪ್ರೆಸ್‌ನಲ್ಲಿ ಮಿತಿಯೇ 50 ಜಿಬಿಗೆ ಏರಿದೆ. ಆದರೂ ಸುಗ್ಗಿಯ ಮಧ್ಯದಲ್ಲಿ ಮುಟ್ಟಬಹುದಾದ ಮಿತಿಯೊಂದನ್ನು ಗ್ರಾಹಕರ ತಲೆಯ ಮೇಲೆ ತೂಗುಹಾಕುವುದು ನನಗೆ ಬೇಡವಾಯಿತು. ಮೈಎಸ್‌ಕ್ಯುಎಲ್‌ನಲ್ಲಿ ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ತಾನಾಗಿಯೇ ಶುರುವಿದ್ದು 30 ದಿನ ಉಳಿಯುತ್ತದೆ. ಸ್ಕ್ಯಾನ್ ತುಂಬುವ ಕಡೆ ಇದು ಡಿಸ್ಕನ್ನು ತಿನ್ನುತ್ತದೆ. ಪೋಸ್ಟ್‌ಗ್ರೆಯಲ್ಲಿ ಬದಲಾವಣೆಗಳ ಲಾಗನ್ನು ಬೇರೆಡೆಗೆ ನಕಲಿಸುವ ಆರ್ಕೈವ್ ಕಮಾಂಡ್ ವಿಫಲವಾಗುವಂತೆ ಮಾಡಿ ಬಿಟ್ಟಾಗ, ಆ ಲಾಗ್ ಇರುವ ಪಿಜಿ ವಾಲ್ ಫೋಲ್ಡರ್ ಬೆಳೆಯುತ್ತಲೇ ಹೋಗಿ, ಜಾಗ ಮುಗಿದು ಸರ್ವರ್ ನಿಂತಿತು. ಈ ಫೋಲ್ಡರಿನ ಕಡತಗಳನ್ನು ಕೈಯಾರೆ ಅಳಿಸಬಾರದು; ಬೇರೆ ಜಾಗ ಬಿಡಿಸಿ, ಆರ್ಕೈವ್ ಸರಿಪಡಿಸಿದರೆ ಅದೇ ಅವನ್ನು ತೆಗೆದುಕೊಳ್ಳುತ್ತದೆ.

ಕೊನೆಯದಾಗಿ, ಚೀಲಗಳ ನಮೂದು ನಡೆಯುತ್ತಿರುವಾಗಲೇ ಪ್ಲಗ್ ಕಿತ್ತೆ. ಮೂರರಲ್ಲಿ ಒಂದೂ ಖಾತ್ರಿಯಾಗಿ ಉಳಿಸಿದ ಸಾಲನ್ನು ಕಳೆದುಕೊಳ್ಳಲಿಲ್ಲ. ಪೋಸ್ಟ್‌ಗ್ರೆ ಎದ್ದೊಡನೆ, ಹಿಂದಿನ ಬಾರಿ ಸರಿಯಾಗಿ ಮುಚ್ಚಿರಲಿಲ್ಲ, ಚೇತರಿಕೆ ನಡೆದಿದೆ ಎಂದು ಎರಡು ಸಾಲು ಬರೆದು ಕೆಲಸಕ್ಕೆ ನಿಂತಿತು.

ನಾನು ಆರಿಸಿದ್ದು ಉಬುಂಟು ಮೇಲಿನ ಪೋಸ್ಟ್‌ಗ್ರೆಎಸ್‌ಕ್ಯುಎಲ್ 16. ಎರರ್ ಬಂದಾಗ ಕಾರಣ ಆ ಸಂದೇಶದಲ್ಲೇ ಇರುವುದು ಅದರಲ್ಲಿ ಹೆಚ್ಚು, ಮತ್ತು ಬ್ಯಾಡಗಿಯ ಗುಮಾಸ್ತರು ಫೋನಿನಲ್ಲಿ ಓದಿ ಹೇಳಿದ ಒಂದು ಸಾಲಿನಿಂದ ನಾನು ಹುಬ್ಬಳ್ಳಿಯಲ್ಲಿ ಕೂತು ಪರಿಹಾರ ಹೇಳಬಲ್ಲೆ. ಲೆಕ್ಕಪತ್ರದ ಪ್ಯಾಕೇಜೇ ಎಸ್‌ಕ್ಯುಎಲ್ ಸರ್ವರ್ ಬೇಡುವ ಕಡೆ ನಾನು ಅದನ್ನೇ ಹಾಕುತ್ತೇನೆ, ಡಿಸ್ಕಿನ ಸೆಕ್ಟರ್ ಅಳೆದ ಮೇಲೆ. ಶೈತ್ಯಾಗಾರದಲ್ಲಿ ಈಗ ಶೇರ್ಡ್ ಬಫರ್ಸ್ 2 ಜಿಬಿ ಇದೆ, ಎನ್‌ಕೋಡಿಂಗ್ ಯುಟಿಎಫ್-8, ಸಂಪರ್ಕಗಳ ಮಿತಿಯನ್ನು ಮೊದಲಿನ 100ಕ್ಕೇ ಬಿಟ್ಟಿದ್ದೇನೆ. ಲಾಗ್ ಕಡತದ ವಿಳಾಸವನ್ನು ಕನ್ನಡದಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿ ಬಂದಿದ್ದೇನೆ.