ಬೆಳಕಿನ ವೇಗ: ರೋಮರ್, ಬ್ರಾಡ್ಲಿ, ಫಿಜೋ – ಯಾರನ್ನು ಆರಿಸಲಿ?

ವಿಜ್ಞಾನ ಮೇಳಕ್ಕೆ, ಬೆಳಕಿನ ವೇಗ ಲೆಕ್ಕ ಹಾಕಿದ ಈ ಮೂವರು ವಿಜ್ಞಾನಿಗಳಲ್ಲಿ ಯಾರ ವಿಧಾನ ತೋರಿಸಲಿ ಅಂತ ಕೇಳಿದ್ದೀರಿ.

ಕಥೆಯ ಸ್ವಾರಸ್ಯ ಮುಖ್ಯವಾದರೆ ರೋಮರ್. ಗುರುಗ್ರಹದ ಚಂದ್ರ ಅಯೋ ಸುಮಾರು 42.5 ಗಂಟೆಗೊಂದು ಸುತ್ತು ಹಾಕುತ್ತದೆ. ಭೂಮಿ ಗುರುವಿನಿಂದ ದೂರ ಸರಿದಂತೆ ಅಯೋದ ಗ್ರಹಣಗಳು (ಅದು ಗುರುವಿನ ನೆರಳಿಗೆ ಹೋಗಿ ಬರುವುದು) ತಡವಾಗಿ ಕಾಣುತ್ತವೆ. ಚಂದ್ರ ಸೋಮಾರಿಯಾಗಿಲ್ಲ, ಬೆಳಕಿಗೆ ದಾರಿ ಜಾಸ್ತಿಯಾಗಿದೆ, ಅಷ್ಟೇ! 1676ರ ನವೆಂಬರ್ 9ರ ಗ್ರಹಣ 10 ನಿಮಿಷ ತಡವಾಗುತ್ತದೆ ಎಂದು ಪ್ಯಾರಿಸ್‌ನಲ್ಲಿ ಆತ ಮೊದಲೇ ಹೇಳಿದ್ದ.

ಆದರೆ ನಿಖರತೆ ಕಡಿಮೆ. ಭೂಕಕ್ಷೆಯ ಅಗಲ ದಾಟಲು ಬೆಳಕಿಗೆ 22 ನಿಮಿಷ ಬೇಕು ಅಂದ. ನಿಜಕ್ಕೂ ಬೇಕಾದ್ದು ಸುಮಾರು 16 ನಿಮಿಷ 40 ಸೆಕೆಂಡ್. ನಿಖರತೆಯಲ್ಲಿ, ನಕ್ಷತ್ರಗಳನ್ನು ಗಮನಿಸಿದ ಬ್ರಾಡ್ಲಿಯೇ ಮೇಲು. ಸೂರ್ಯನ ಬೆಳಕು ಇಲ್ಲಿಗೆ ಬರಲು 8 ನಿಮಿಷ 12 ಸೆಕೆಂಡ್ ಅಂತ 1720ರ ದಶಕದಲ್ಲೇ ಲೆಕ್ಕ ಹಾಕಿದ. ಇಂದಿನ ಲೆಕ್ಕಕ್ಕೂ ಅದಕ್ಕೂ ಏಳೆಂಟು ಸೆಕೆಂಡಿನ ವ್ಯತ್ಯಾಸ!

ಮಾಡಿ ನೋಡುವುದಾದರೆ? ಅಯೋ ಗ್ರಹಣ ಸಣ್ಣ ದೂರದರ್ಶಕದಲ್ಲೂ ಕಾಣುತ್ತದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಬ್ರಾಡ್ಲಿ ಕಂಡ ನಕ್ಷತ್ರದ ಪಲ್ಲಟ ಒಂದು ಡಿಗ್ರಿಯ 180ನೇ ಒಂದು ಭಾಗ; ಮನೆಯಲ್ಲಿ ಆಗುವ ಮಾತಲ್ಲ. ವಿವರಿಸುವುದು ಮಾತ್ರ ಸುಲಭ: ಮಳೆಯಲ್ಲಿ ಬೇಗ ನಡೆದರೆ ಕೊಡೆಯನ್ನು ಮುಂದಕ್ಕೆ ವಾಲಿಸುತ್ತೇವಲ್ವಾ, ಹಾಗೆ ಓಡುವ ಭೂಮಿಯಿಂದ ನೋಡಿದರೆ ನಕ್ಷತ್ರದ ಬೆಳಕೂ ತುಸು ಮುಂದಿನಿಂದ ಬಂದಂತೆ ಕಾಣುತ್ತದೆ; ಆ ವಾಲಿಕೆಯಿಂದ ಬೆಳಕಿನ ವೇಗ ಸಿಗುತ್ತದೆ.

ಆಕಾಶದ ಗೊಡವೆಯೇ ಬೇಡ, ಕಣ್ಣೆದುರು ಮಾದರಿ ಇರಬೇಕು ಅನ್ನುವವರಿಗೆ ಫಿಜೋ. 1849ರಲ್ಲಿ 720 ಹಲ್ಲಿನ ಚಕ್ರ ತಿರುಗಿಸಿ, 8.6 ಕಿಲೋಮೀಟರ್ ದೂರದ ಕನ್ನಡಿಗೆ ಬೆಳಕು ಕಳಿಸಿದ. ಹಲ್ಲುಗಳ ಸಂದಿಯಿಂದ ಹೋದ ಬೆಳಕು ಮರಳುವಷ್ಟರಲ್ಲಿ ಮುಂದಿನ ಹಲ್ಲು ಅಡ್ಡ ಬಂದರೆ, ಚಕ್ರದ ವೇಗದಿಂದ ಬೆಳಕಿನ ವೇಗ ತಿಳಿಯುತ್ತದೆ. ರಟ್ಟಿನ ಚಕ್ರ, ಟಾರ್ಚ್ ಇದ್ದರೆ ತತ್ವ ತೋರಿಸಬಹುದು. ಅಳೆಯಲು ಹೋಗಬೇಡಿ.