ಪುಟ್ಟ ಲ್ಯಾಪ್‌ಟಾಪಿಗೆ ಯಾವ ಬೀಗ? ಹಾಕಿ, ಒಡೆದು ನೋಡಿದ ಮೇಲೆ ಬರೆದದ್ದು

2025ರ ಜುಲೈನಲ್ಲಿ ತುಮಕೂರಿಂದ ತಿಪಟೂರಿಗೆ ಬರುವಾಗ ಲ್ಯಾಪ್‌ಟಾಪ್ ಬ್ಯಾಗನ್ನು ಬಸ್ಸಲ್ಲೇ ಬಿಟ್ಟು ಇಳಿದೆ. ಮನೆಗೆ ಬಂದು ಕಾಫಿ ಲೋಟ ಹಿಡಿದಾಗಲೇ ನೆನಪಾಗಿದ್ದು. ಕಂಡಕ್ಟರ್ ಪುಣ್ಯಾತ್ಮ, ಡಿಪೋದಲ್ಲಿ ಕೊಟ್ಟು ಹೋಗಿದ್ದರು. ಎರಡು ಗಂಟೆಯಲ್ಲಿ ಕೈಗೆ ಬಂತು.

ಆ ಎರಡು ಗಂಟೆ ನನ್ನನ್ನು ಕಾಡಿದ್ದು ಲ್ಯಾಪ್‌ಟಾಪಿನ ದುಡ್ಡಲ್ಲ. ಅದು ಹನ್ನೊಂದು ಇಂಚಿನ ಹಳೇ ಮಾಲು, ನಾಲ್ಕು ಜಿಬಿ ರ್‍ಯಾಮು, ವಿಂಡೋಸ್ 10 ಹೋಮ್. ನಾನು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವನು. ಅದರೊಳಗೆ ಮೇಷ್ಟ್ರುಗಳ, ಕೊಬ್ಬರಿ ವ್ಯಾಪಾರಿಗಳ ಪ್ಯಾನ್, ಆಧಾರ್, ಪಾಸ್‌ಬುಕ್ ಪ್ರತಿಗಳೆಲ್ಲ ಇದ್ದವು.

"ಪಾಸ್‌ವರ್ಡ್ ಇದೆಯಲ್ಲ, ಯಾಕ್ರೀ ಅಷ್ಟು ಹೆದರ್ತೀರ?" ಅಂದಳು ಹೆಂಡತಿ. ಇದೆ ನಿಜ. ಆ ಪಾಸ್‌ವರ್ಡ್ ಏನನ್ನು ಕಾಯುತ್ತದೆ ಅಂತ ನಾನು ಯಾವತ್ತೂ ನೋಡಿರಲಿಲ್ಲ. ರಿಟರ್ನ್ ಸೀಸನ್ ಮುಗಿದ ಮೇಲೆ ಕೂತು ಒಂದೊಂದೇ ಬೀಗ ಹಾಕಿ, ನಾನೇ ಕಳ್ಳನಾಗಿ ಒಡೆಯಲು ನೋಡಿದೆ.

ಮೊದಲು ವಿಂಡೋಸ್ ಲಾಗಿನ್ ಪಾಸ್‌ವರ್ಡ್. ಲಿನಕ್ಸ್ ಮಿಂಟ್ (ವಿಂಡೋಸಿನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದೆ. ಐದು ನಿಮಿಷವೂ ಆಗಲಿಲ್ಲ, ಯೂಸರ್ಸ್ ಫೋಲ್ಡರ್ ತೆರೆದುಕೊಂಡಿತು, ಒಳಗೆ ನನ್ನ ಗಿರಾಕಿಗಳೆಲ್ಲ ಸಾಲಾಗಿ ಕೂತಿದ್ದರು. ಪಾಸ್‌ವರ್ಡ್ ಕೇಳುವುದು ವಿಂಡೋಸ್. ವಿಂಡೋಸನ್ನೇ ಎಬ್ಬಿಸದಿದ್ದರೆ ಕೇಳುವವರು ಯಾರು? ಡಿಸ್ಕಲ್ಲಿರುವ ಫೈಲುಗಳು ಇದ್ದ ಹಾಗೇ ಇರುತ್ತವೆ. ಮನೆ ಮಕ್ಕಳನ್ನು ತಡೆಯಲು ಇದು ಸಾಕು. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಸರಿ, ಪೆನ್‌ಡ್ರೈವಿಂದ ಶುರುವಾಗದಂತೆ ಬಯೋಸ್ (ವಿಂಡೋಸಿಗಿಂತ ಮೊದಲು ಓಡಿ ಲ್ಯಾಪ್‌ಟಾಪನ್ನು ಎಬ್ಬಿಸುವ ಪ್ರೋಗ್ರಾಮು) ಪಾಸ್‌ವರ್ಡ್ ಹಾಕಿದೆ. ಪವರ್ ಒತ್ತಿದ ಕೂಡಲೇ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತದೆ, ನೋಡಲು ಗಟ್ಟಿಯಾಗಿಯೇ ಇದೆ. ಆದರೆ ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಹಾರ್ಡ್‌ಡಿಸ್ಕ್ ತೆಗೆದು, ಯುಎಸ್‌ಬಿ ಕೇಸಿಗೆ ಹಾಕಿ ಹೆಂಡತಿಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಈ ಫೋಲ್ಡರ್ ನೋಡಲು ನಿಮಗೆ ಅನುಮತಿ ಇಲ್ಲ ಅಂತ ವಿಂಡೋಸ್ ಗತ್ತಿನಿಂದ ಹೇಳಿತು. ಅದರ ಕೆಳಗೇ 'ಕಂಟಿನ್ಯೂ' ಅಂತ ಒಂದು ಬಟನ್! ಒತ್ತಿದೆ. ಮೇಲಿನ ಪಟ್ಟಿಯಲ್ಲಿ ಹಸಿರು ಗೆರೆ ಮೆಲ್ಲಗೆ ಓಡಿ, ಎಲ್ಲವೂ ತೆರೆಯಿತು. ಬಾಗಿಲಿಗೆ ಬೀಗ ಹಾಕಿ ಗೋಡೆ ಕಟ್ಟದೇ ಬಿಟ್ಟ ಹಾಗೆ. ಈಗಿನ ಕೆಲವು ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದರಲ್ಲಿ ಬಯೋಸ್ ಪಾಸ್‌ವರ್ಡಿಗೆ ಸ್ವಲ್ಪ ಜಾಸ್ತಿ ಬೆಲೆ ಇದೆ.

ಪಿಡಿಎಫ್‌ಗಳಿಗೇ ಪಾಸ್‌ವರ್ಡ್ ಇರುತ್ತಲ್ಲ ಅಂತ ಕೇಳಬಹುದು. ಇ-ಆಧಾರಿಗೆ ಹೆಸರಿನ ಮೊದಲ ನಾಲ್ಕು ಅಕ್ಷರ, ಜೊತೆಗೆ ಹುಟ್ಟಿದ ಇಸವಿ. ಟ್ಯಾಕ್ಸ್ ಪೋರ್ಟಲಿನ ಎಐಎಸ್‌ಗೆ (ವರ್ಷದ ಆದಾಯ, ವಹಿವಾಟಿನ ಪಟ್ಟಿ) ಪ್ಯಾನ್ ನಂಬರು, ಜೊತೆಗೆ ಹುಟ್ಟಿದ ದಿನಾಂಕ. ನಾನೋ, ಹುಡುಕಲು ಸುಲಭ ಅಂತ ಫೈಲಿನ ಹೆಸರಲ್ಲೇ ಗಿರಾಕಿಯ ಹೆಸರು, ಪ್ಯಾನ್, ಜನ್ಮ ದಿನಾಂಕ ಬರೆದಿಟ್ಟಿದ್ದೆ. ಬೀಗದ ಪಕ್ಕದಲ್ಲೇ ಕೀಲಿ ನೇತುಹಾಕಿದ್ದೆ ಅನ್ನಿ.

ಮುಂದಿನದು ಇಡೀ ಡಿಸ್ಕನ್ನೇ ಗೂಢಲಿಪಿ ಮಾಡುವ ಬಿಟ್‌ಲಾಕರ್. ವಿಂಡೋಸ್ ಹೋಮ್‌ನಲ್ಲಿ ಅದು ಪೂರ್ತಿ ಇಲ್ಲ, 'ಡಿವೈಸ್ ಎನ್‌ಕ್ರಿಪ್ಷನ್' ಅನ್ನುವ ಚಿಕ್ಕ ತಮ್ಮ ಇದ್ದಾನೆ. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಅವನೂ ಇಲ್ಲ. ಹಾಗಾಗಿ ಭಾವನ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಇಸ್ಕೊಂಡೆ. ನೋಡಿದರೆ ಅದರಲ್ಲಿ ಆಗಲೇ ಆನ್ ಆಗಿತ್ತು! ಭಾವನಿಗೆ ಗೊತ್ತೇ ಇರಲಿಲ್ಲ. ಮಿಂಟ್ ಪೆನ್‌ಡ್ರೈವ್ ಹಾಕಿದರೆ ಡಿಸ್ಕ್ ಕಾಣಿಸಿತು, ಒಳಗೆ ಹೋಗಲು ಕೀ ಕೇಳಿತು. ಮೊದಲ ಸಲ ಕಳ್ಳ ಸೋತ.

ಅಲ್ಲಿಗೆ ಬಿಡದೆ, ಪರೀಕ್ಷೆ ಮಾಡೋಣ ಅಂತ ಬಯೋಸಿನಲ್ಲಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಕಾವಲು) ಆಫ್ ಮಾಡಿದೆ. ನೀಲಿ ಪರದೆ ಬಂತು: 48 ಅಂಕಿಯ ರಿಕವರಿ ಕೀ ಕೊಡಿ. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಏನಪ್ಪಾ ಮಾಡಿದೆ?"

"ಏನಿಲ್ಲ ಭಾವ, ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ."

"ನನಗೆ ಅಂಥ ಅಕೌಂಟ್ ಎಲ್ಲಿದೆ?"

ಬೆವರು ಬಂತು. ಸೆಕ್ಯೂರ್ ಬೂಟನ್ನು ಮೊದಲಿನ ಹಾಗೇ ಆನ್ ಮಾಡಿದೆ. ಪುಣ್ಯಕ್ಕೆ ಕೀ ಕೇಳದೆ ತೆರೆಯಿತು. ಆಮೇಲೆ ವಿಚಾರಿಸಿದರೆ, ಲ್ಯಾಪ್‌ಟಾಪ್ ತಂದ ದಿನ ಭಾವನ ಮಗಳು ತನ್ನ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದಳಂತೆ. ಕೀ ಅವಳ ಅಕೌಂಟಲ್ಲಿತ್ತು. ಅವಳು ಆ ಇಮೇಲನ್ನೇ ಬಿಟ್ಟಿದ್ದರೆ? ಆ 48 ಅಂಕಿಯನ್ನು ಈಗ ಬರೆದು, ಚಿನ್ನದ ಸಾಲದ ರಸೀದಿ ಜೊತೆ ಬೀರುವಿನಲ್ಲಿ ಇಟ್ಟಿದ್ದಾರೆ.

ಅಂದರೂ ಕಳ್ಳತನದ ಭಯಕ್ಕೆ ಇದಕ್ಕಿಂತ ಸುಲಭದ ಬೀಗ ನನಗೆ ಸಿಗಲಿಲ್ಲ. ಕೊರತೆ ಒಂದೇ. ಲಾಗಿನ್ ಆದ ಮೇಲೆ ಎಲ್ಲ ಬಟಾಬಯಲು. ರಿಪೇರಿಗೆ ಕೊಟ್ಟಾಗ ಅಂಗಡಿಯವರು ಪಿನ್ ಕೇಳುತ್ತಾರೆ, ನಾವು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಅಲ್ಲಿಗೆ ಮುಗಿಯಿತಲ್ವಾ?

ಲಿನಕ್ಸ್ ಮಿಂಟನ್ನೂ ಪೂರ್ತಿ ಹಾಕಿ ನೋಡಿದೆ. ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಟ್ ಅಂತ ಒಂದು ಟಿಕ್ ಹಾಕಿದರೆ ಲಕ್ಸ್ ಅನ್ನುವ ಬೀಗ ಬೀಳುತ್ತದೆ, ಬೂಟ್ ಆಗುವಾಗಲೇ ಪಾಸ್‌ವರ್ಡ್ ಕೇಳುತ್ತದೆ. ಒಂದೇ ಡಿಸ್ಕಿಗೆ ಬೇರೆ ಬೇರೆ ಪಾಸ್‌ವರ್ಡ್ ಇಡಬಹುದು, ನನಗೊಂದು, ಹೆಂಡತಿಗೊಂದು. ಬಹಳ ಇಷ್ಟವಾಯಿತು. ಆದರೆ ನನ್ನ ಹೊಟ್ಟೆಪಾಡು ಟ್ಯಾಲಿ ಅನ್ನುವ ಲೆಕ್ಕಪತ್ರದ ಪ್ರೋಗ್ರಾಮು, ಅದಕ್ಕೆ ವಿಂಡೋಸೇ ಬೇಕು. ಹದಿನೈದು ದಿನಕ್ಕೆ ವಾಪಸ್ ಬಂದೆ.

ಕೊನೆಗೆ ನಾನು ಉಳಿಸಿಕೊಂಡದ್ದು ಫೈಲುಗಳನ್ನು ಗೂಢಲಿಪಿ ಮಾಡಿಡುವ ವೆರಾಕ್ರಿಪ್ಟ್ ಅನ್ನುವ ಪ್ರೋಗ್ರಾಮು. ಹಳಬರಿಗೆ ಟ್ರೂಕ್ರಿಪ್ಟ್ ನೆನಪಿರಬಹುದು, 2014ರಲ್ಲಿ ನಿಂತು ಹೋಯಿತು. ಇದು ಅದರ ಕವಲು, ದುಡ್ಡು ಕೊಡಬೇಕಿಲ್ಲ. ಹನ್ನೆರಡು ಜಿಬಿಯ ಒಂದೇ ಫೈಲ್ ಮಾಡಿದೆ. ಮಾಡುವಾಗ ಪಟ್ಟಿ ಹಸಿರಾಗುವ ತನಕ ಮೌಸನ್ನು ಅಡ್ಡಾದಿಡ್ಡಿ ಆಡಿಸಿ ಅನ್ನುತ್ತದೆ. ಮಗಳು ಟಚ್‌ಪ್ಯಾಡ್ ಮೇಲೆ ರಂಗೋಲಿ ಬಿಟ್ಟಳು. ಪಾಸ್‌ವರ್ಡ್ ಕೊಟ್ಟರೆ ಆ ಫೈಲ್ 'ಟಿ' ಡ್ರೈವ್ ಆಗಿ ತೆರೆಯುತ್ತದೆ, ಮುಚ್ಚಿದರೆ ಸುಮ್ನೆ ಕಸದಂತೆ ಕಾಣುವ ಒಂದು ಫೈಲು. ಹಾರ್ಡ್‌ಡಿಸ್ಕನ್ನು ಮತ್ತೆ ಕೇಸಿಗೆ ಹಾಕಿ ನೋಡಿದೆ, ಈ ಸಲ ಯಾವ ಕಂಟಿನ್ಯೂ ಬಟನ್ನೂ ಕೆಲಸಕ್ಕೆ ಬರಲಿಲ್ಲ. ರಿಪೇರಿಗೆ ಕೊಡುವಾಗ ವಿಂಡೋಸ್ ಪಿನ್ ಧಾರಾಳವಾಗಿ ಕೊಡುತ್ತೇನೆ.

ಹಳೇ ಪ್ರೊಸೆಸರಾದ್ದರಿಂದ ಮೊದಲು ತೆರೆಯಲು ಇಪ್ಪತ್ತು ಸೆಕೆಂಡ್ ಹತ್ತಿರ ಹಿಡಿಯುತ್ತಿತ್ತು. ಹ್ಯಾಶ್ (ಪಾಸ್‌ವರ್ಡನ್ನು ಕೀಲಿಯಾಗಿ ಅರೆಯುವ ಲೆಕ್ಕ) ಯಾವುದು ಅಂತ ಅದೇ ಹುಡುಕಲು ಬಿಡದೆ ನಾವೇ ಆರಿಸಿ ಕೊಟ್ಟರೆ ಬೇಗ ತೆರೆಯುತ್ತದೆ. ಹತ್ತು ನಿಮಿಷ ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುವ ಹಾಗೂ ಮಾಡಿಕೊಂಡೆ.

ಎಡವಟ್ಟುಗಳೂ ಆದವು. ಎಲ್ಲವನ್ನೂ ಟಿ ಡ್ರೈವಿಗೆ ಸಾಗಿಸಿ ಬೀಗುತ್ತಿದ್ದಾಗ ಡೌನ್‌ಲೋಡ್ಸ್ ಫೋಲ್ಡರ್ ನೋಡಿದೆ. 41 ಆಧಾರ್ ಪಿಡಿಎಫ್ ಅಲ್ಲೇ ಬಿದ್ದಿದ್ದವು. ಈಗ ಬ್ರೌಸರಿನ ಡೌನ್‌ಲೋಡ್ ಜಾಗವನ್ನೇ ಟಿ ಡ್ರೈವ್ ಮಾಡಿದ್ದೇನೆ.

ಇನ್ನೊಂದು ಪಾಸ್‌ವರ್ಡಿನದೇ ಗೋಳು. ಇಪ್ಪತ್ತು ಅಕ್ಷರಕ್ಕಿಂತ ಕಡಿಮೆ ಇದ್ದರೆ ವೆರಾಕ್ರಿಪ್ಟ್ ಎಚ್ಚರಿಸುತ್ತದೆ. ಅದಕ್ಕೆ ಸಂಬಂಧವೇ ಇಲ್ಲದ ಐದು ಕನ್ನಡ ಪದ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ನೆನಪಿಡಲು ಸುಲಭ, ಊಹಿಸಲು ಕಷ್ಟ. ಅದರಲ್ಲಿ ಒಂದು ಪದ 'ಸೊಳ್ಳೆ'. ಮಾರನೇ ದಿನ ಕೂತರೆ, ಎಲ್ ಒಂದೋ ಎರಡೋ? 'ಹುಣಸೆ' ಬರೆದಿದ್ದು ಹೇಳುವ ಹಾಗೋ, ಪುಸ್ತಕದ ಹಾಗೋ? ಹನ್ನೊಂದನೇ ಸಲಕ್ಕೆ ತೆರೆಯಿತು. ಮರೆತರೆ ಬಿಡಿಸಿಕೊಡುವವರು ಯಾರೂ ಇಲ್ಲ, ಇದರಲ್ಲಿ ರಿಕವರಿ ಕೀ ಅನ್ನುವುದೇ ಇಲ್ಲ. ಅವತ್ತೇ ಬದಲಿಸಿದೆ. ಈಗ ಒತ್ತಕ್ಷರ, ದೀರ್ಘ ಇಲ್ಲದ ಪದಗಳಷ್ಟೇ: ನವಿಲು, ಬದನೆ, ಗರಗಸ ಇಂಥವು. (ಇವೇ ನನ್ನವು ಅಂದುಕೊಂಡು ಪ್ರಯತ್ನಿಸಬೇಡಿ.)

ಎಲ್ಲಕ್ಕಿಂತ ಬೆಚ್ಚಿಬಿದ್ದದ್ದು ಬ್ಯಾಕಪ್ ವಿಷಯದಲ್ಲಿ. ಪ್ರತಿ ಶನಿವಾರ, ಬದಲಾದ ಫೈಲುಗಳನ್ನು ಮಾತ್ರ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ಅಭ್ಯಾಸ ನನ್ನದು. ಎರಡು ತಿಂಗಳಾದ ಮೇಲೆ ಸುಮ್ನೆ ಆ ನಕಲು ತೆರೆದು ನೋಡಿದರೆ, ಎಲ್ಲ ಮೊದಲ ವಾರದ್ದೇ! ವೆರಾಕ್ರಿಪ್ಟ್ ತನ್ನ ಫೈಲಿನ ತಾರೀಖನ್ನು ಬೇಕೆಂದೇ ಬದಲಿಸದೆ ಹಾಗೇ ಉಳಿಸುತ್ತದೆ. ಯಾವಾಗ ಬಳಸಿದಿರಿ ಅಂತ ಹೊರಗಿನವರಿಗೆ ತಿಳಿಯಬಾರದಲ್ಲ. ಸೈಜೂ ಬದಲಾಗಲ್ಲ. ನನ್ನ ನಕಲು ಪ್ರೋಗ್ರಾಮು ತಾರೀಖು, ಸೈಜು ಎರಡೂ ನೋಡಿ 'ಏನೂ ಬದಲಾಗಿಲ್ಲ' ಅಂತ ವಾರವಾರವೂ ಬಿಟ್ಟು ಹೋಗುತ್ತಿತ್ತು. ವೆರಾಕ್ರಿಪ್ಟ್ ಸೆಟ್ಟಿಂಗ್ಸಿನಲ್ಲಿ ತಾರೀಖು ಹಾಗೇ ಉಳಿಸುವ ಟಿಕ್ ತೆಗೆದೆ. ಈಗ ಶನಿವಾರ ಹನ್ನೆರಡು ಜಿಬಿ ಪೂರ್ತಿ ನಕಲಾಗುತ್ತದೆ. ಅಷ್ಟು ಹೊತ್ತು ಲ್ಯಾಪ್‌ಟಾಪ್ ಬಿಟ್ಟು ನಾನು ಸಂತೆಗೆ ಹೋಗಿ ಬರುತ್ತೇನೆ.