ಮೊದಲ ರೇಸ್ ಹೆಲ್ಮೆಟ್: ಎಸ್‌ಎ2020 ದುಡ್ಡಿಗೆ ತಕ್ಕದ್ದೇ?

ಕಾರ್ ರ‍್ಯಾಲಿಗೆ ಹೊಸದಾಗಿ ಇಳಿಯುವವರು ಬೈಕಿನ ಐಎಸ್‌ಐ ಹೆಲ್ಮೆಟ್ಟಿನಲ್ಲೇ ಸುಧಾರಿಸಲು ನೋಡುತ್ತಾರೆ. ಬೇಡ. ಅಮೆರಿಕದ ಸ್ನೆಲ್ ಸಂಸ್ಥೆ ಕಾರ್ ರೇಸಿಗೆಂದು ಪರೀಕ್ಷಿಸಿ ಒಪ್ಪಿದ ಎಸ್‌ಎ2020 ಹೆಲ್ಮೆಟ್ಟಿನ ಒಳಬಟ್ಟೆ ಸುಲಭಕ್ಕೆ ಉರಿಯದು, ಕಾರಿನೊಳಗಿನ ಪೈಪ್ ಚೌಕಟ್ಟಾದ ರೋಲ್ ಕೇಜ್‌ಗೆ ತಲೆ ಬಡಿದರೆ ಏನಾಗುತ್ತದೆಂಬ ಪರೀಕ್ಷೆಯೂ ಆಗಿರುತ್ತದೆ, ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನದ ಕೊಂಡಿಗೆ ಜಾಗವೂ ಇರುತ್ತದೆ. ಅದೇ ಸಂಸ್ಥೆಯ ಎಂ2020 ಗುರುತು ಬೈಕ್ ಹೆಲ್ಮೆಟ್ಟಿನದು, ಅಗ್ಗ ಅಂತ ಮೋಸಹೋಗಬೇಡಿ.

ಸ್ನೆಲ್ ಸ್ಟಿಕ್ಕರ್ ಇರುವುದು ಹೆಲ್ಮೆಟ್ಟಿನ ಒಳಗೆ, ಕುಶನ್ ಎತ್ತಿ ನೋಡಿ. ಟೇಪನ್ನು ಹುಬ್ಬಿಗಿಂತ ಒಂದು ಇಂಚು ಮೇಲೆ ಸುತ್ತಿ ಅಳತೆ ತೆಗೆಯಿರಿ. ಪಟ್ಟಿ ಬಿಗಿದು ಹಿಂದಿನ ಅಂಚು ಹಿಡಿದು ಎತ್ತಿದಾಗ ಹೆಲ್ಮೆಟ್ ಮುಂದಕ್ಕೆ ಉರುಳಿದರೆ ದೊಡ್ಡದಾಯಿತು. ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಎಳೆಯಬೇಕು. ಕಾಲು ಗಂಟೆಯಲ್ಲಿ ಹಣೆಯ ಒಂದೇ ಜಾಗ ನೋಯತೊಡಗಿದರೆ ಸೈಜ್ ಅಲ್ಲ, ಆಕಾರವೇ ಹೊಂದಿಲ್ಲ. ಬೇರೆ ಮಾಡೆಲ್ ನೋಡಿ.

ಸೆಕೆಂಡ್ ಹ್ಯಾಂಡ್ ಮಾತ್ರ ಮುಟ್ಟಬೇಡಿ: ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟಿನ ಥರ್ಮೊಕೋಲ್ ಒಳಗೇ ಅಮುಕಿರಬಹುದು, ಹೊರಗಿನ ಬಣ್ಣ ಮಾತ್ರ ಫಳಫಳ.